ಸೂಡಿಯ ಅಕ್ಕಾದೇವಿ, ಲಕ್ಕುಂಡಿಯ ಅತ್ತಿಮಬ್ಬೆ: ಸ್ತ್ರೀಯರ ವಿದ್ಯೆ ಮತ್ತು ಅಧಿಕಾರವನ್ನು ಕುರಿತು ಒಂದು ವಿವೇಚನೆ

ಪ್ರಾಚೀನ ಕರ್ನಾಟಕದಲ್ಲಿ ಸ್ತ್ರೀಯರಿಗೆ ವಿದ್ಯೆಯ ಹಾಗೂ ರಾಜ್ಯಾಡಳಿತದ ಅಧಿಕಾರವಿದ್ದಿತೇ ಎಂಬ ಪ್ರಶ್ನೆಗೆ ನಮ್ಮಲ್ಲಿ ಎರಡು ಬಗೆಯ ಉತ್ತರಗಳು ರೂಢಿಯಲ್ಲಿವೆ. ಶಾಸನಗಳಲ್ಲಿ ದೊರೆಯುವ ಅರಸಿಯರ ಹಾಗೂ ದಾನಿಗಳ ಹೆಸರುಗಳನ್ನು ಸಾಲಾಗಿ ಎಣಿಸಿ, ಸ್ತ್ರೀಪುರುಷ ಸಮಾನತೆಯು ಈ ನಾಡಿನಲ್ಲಿ ಸಾವಿರ ವರ್ಷಗಳ ಹಿಂದೆಯೇ ಸಿದ್ಧಿಸಿತ್ತೆಂದು ಹೇಳುವುದು ಒಂದು. ಆ ಹೆಸರುಗಳೆಲ್ಲ ಕೇವಲ ಅಲಂಕಾರಪ್ರಾಯವಾದವು, ಅವುಗಳ ಹಿಂದೆ ನಿಜವಾದ ಅಧಿಕಾರವಾಗಲಿ ವಿದ್ಯೆಯಾಗಲಿ ಇರಲಿಲ್ಲವೆಂದು ತಳ್ಳಿಹಾಕುವುದು ಮತ್ತೊಂದು. ಮೂಲಸಾಮಗ್ರಿಯನ್ನು ಸಮೀಪದಿಂದ ನೋಡಿದವರಿಗೆ ಇವೆರಡೂ ಅವಸರದ ಮಾತುಗಳೆಂದು ತೋರದಿರದು. ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಹಾಗೂ ಅದರ ನೆರೆಯ ಲಕ್ಕುಂಡಿಯ ಶಾಸನಗಳನ್ನೂ, ಹಸ್ತಪ್ರತಿಗಳ ಅಂತ್ಯಪ್ರಶಸ್ತಿಗಳನ್ನೂ ಒಟ್ಟಿಗೆ ಇರಿಸಿಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಸೀಮೆಯನ್ನು ಆಯ್ದುಕೊಳ್ಳಲು ಕಾರಣವುಂಟು. ಮಲಪ್ರಭೆಯ ದಕ್ಷಿಣಕ್ಕೆ ಹಬ್ಬಿರುವ ಈ ಎರೆಯ ಭೂಮಿಯು ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಕಿಸುಕಾಡು ಎಪ್ಪತ್ತು ಹಾಗೂ ಬೆಳ್ವೊಲ ಮುನ್ನೂರು ಎಂಬ ಎರಡು ಹೆಸರಾಂತ ಆಡಳಿತ ವಿಭಾಗಗಳ ನಡುವೆ ಹಂಚಿಹೋಗಿದ್ದಿತು. ಅವಿಭಜಿತ ರೋಣ ತಾಲ್ಲೂಕಿಗೆ ಸೇರಿದ್ದ ಸೂಡಿ ಮತ್ತು ನರೇಗಲ್ಲುಗಳಲ್ಲಿ ಸ್ತ್ರೀಯರನ್ನು ಕುರಿತ ದಾಖಲೆಗಳು ಹತ್ತನೆಯ ಶತಮಾನದಿಂದಲೇ ದೊರೆಯುತ್ತವೆ. ಒಂದೇ ಸೀಮೆಯಲ್ಲಿ, ಸುಮಾರು ನೂರು ವರ್ಷಗಳ ಅವಧಿಯಲ್ಲಿ, ಬಸದಿಯನ್ನು ಕಟ್ಟಿಸಿದವಳು, ಗ್ರಂಥವನ್ನು ಪ್ರತಿಮಾಡಿಸಿದವಳು, ನಾಡನ್ನಾಳಿದವಳು ಎಂಬ ಮೂರು ವಿಧದ ಸ್ತ್ರೀಯರು ಒಟ್ಟಾಗಿ ಕಾಣಸಿಗುವುದು ಅಪರೂಪದ ಸಂಗತಿ.

1

ಮೊದಲಿಗೆ ದಾನದ ದಾಖಲೆಗಳು. ಕ್ರಿ.ಶ. 938ರ ತೇದಿಯನ್ನು ಹೊತ್ತಿರುವ ಸೂಡಿಯ ತಾಮ್ರಪಟಗಳು ಗಂಗ ಇಮ್ಮಡಿ ಬೂತುಗನ ಹೆಸರಿನವು. ಆತನ ರಾಣಿ ದೀವಳಾಂಬೆಯು ಸುಂದಿ ಎಂದರೆ ಇಂದಿನ ಸೂಡಿಯಲ್ಲಿ ಕಟ್ಟಿಸಿದ ಜಿನಾಲಯಕ್ಕೆ ಭೂದಾನ ಮಾಡಿದ ವಿಷಯ ಅವುಗಳಲ್ಲಿದೆ. ಇವನ್ನು ಪ್ರಕಟಿಸಿದ ಫ್ಲೀಟರು ಇವುಗಳ ನೈಜತೆಯನ್ನು ಸಂದೇಹಿಸಿದರು. ಆದುದರಿಂದ ಇವುಗಳ ತೇದಿಯ ಮೇಲೆ ಭಾರ ಹೊರಿಸುವುದು ಉಚಿತವಲ್ಲ. ಆದರೆ ಇಷ್ಟನ್ನು ಹೇಳಬಹುದು: ಪಟಗಳು ಮುಂದಿನ ಕಾಲದಲ್ಲಿ ಕೃತಕವಾಗಿ ರಚಿತವಾದವೆಂದೇ ಒಪ್ಪಿದರೂ, ಒಂದು ಜಿನಾಲಯದ ಸ್ವತ್ತನ್ನು ಸಮರ್ಥಿಸಿಕೊಳ್ಳಬೇಕಾದವರು ಅದರ ಮೂಲವನ್ನು ಒಬ್ಬ ಸ್ತ್ರೀಯಲ್ಲಿ ಗುರುತಿಸಿದರೆಂಬುದೂ ಒಂದು ಸಾಕ್ಷ್ಯವೇ. ಸ್ತ್ರೀಯು ಬಸದಿಯನ್ನು ಕಟ್ಟಿಸುವುದು ನಂಬಲಾಗದ ಮಾತೆಂದು ಆ ಕಾಲದವರಿಗೆ ತೋರಿರಲಿಲ್ಲ.

ಇದೇ ಬೂತುಗನ ಮತ್ತೊಬ್ಬ ರಾಣಿ ಪದ್ಮಬ್ಬರಸಿಯ ಹೆಸರು ಕ್ರಿ.ಶ. 950ರ ನರೇಗಲ್ಲಿನ ಶಾಸನದಲ್ಲಿ ಬರುತ್ತದೆ. ಆಕೆ ಕಟ್ಟಿಸಿದ ಬಸದಿಗೆ ಸೇರಿದಂತೆ ಒಂದು ದಾನಶಾಲೆಯಿದ್ದಿತು. ಇಂದು ನಾರಾಯಣದೇವರ ಗುಡಿಯೆಂದು ಕರೆಯಲ್ಪಡುವ ಅಲ್ಲಿಯ ಕಟ್ಟಡವು ಮೂಲತಃ ಈ ಬಸದಿಯೇ ಎಂಬುದು ವಿದ್ವಾಂಸರ ಅಭಿಪ್ರಾಯ. ಜೈನಶ್ರಾವಕರಿಗೆ ವಿಹಿತವಾದ ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಇಲ್ಲಿ ಪ್ರಧಾನವಾಗಿ ಕಾಣುವುದು ಆಹಾರದಾನ. ನಾಲ್ಕನೆಯದಾದ ಶಾಸ್ತ್ರದಾನದ ಅತ್ಯುಜ್ವಲ ನಿದರ್ಶನಕ್ಕಾಗಿ ಇಲ್ಲಿಂದ ದಕ್ಷಿಣಕ್ಕೆ, ಗದಗಿನ ಮಗ್ಗುಲಲ್ಲಿರುವ ಲಕ್ಕುಂಡಿಗೆ ಬರಬೇಕು.

2

ದಾನಚಿಂತಾಮಣಿ ಅತ್ತಿಮಬ್ಬೆಯ ಚರಿತ್ರೆ ವಾಚಕರಿಗೆ ಅಪರಿಚಿತವಲ್ಲ. ರನ್ನನು ಕ್ರಿ.ಶ. 993ರಲ್ಲಿ ಮುಗಿಸಿದ ಅಜಿತಪುರಾಣವೂ, ಲಕ್ಕುಂಡಿಯ ಬ್ರಹ್ಮಜಿನಾಲಯಕ್ಕೆ ಸಂಬಂಧಿಸಿದ ಕ್ರಿ.ಶ. 1007ರ ಶಾಸನವೂ ಆಕೆಯ ವಿಷಯದಲ್ಲಿ ನಮಗಿರುವ ಮುಖ್ಯ ಆಧಾರಗಳು. ಮಲ್ಲಪಯ್ಯನ ಮಗಳಾದ ಅತ್ತಿಮಬ್ಬೆಯನ್ನೂ ಆಕೆಯ ತಂಗಿ ಗುಂಡಮಬ್ಬೆಯನ್ನೂ ತೈಲಪನ ದಂಡನಾಯಕನಾದ ನಾಗದೇವನಿಗೆ ಕೊಟ್ಟು ವಿವಾಹ ಮಾಡಲಾಗಿತ್ತು. ನಾಗದೇವನು ತೀರಿಕೊಂಡಾಗ ಗುಂಡಮಬ್ಬೆಯು ಸಹಗಮನ ಮಾಡಿದಳು. ಮಗ ಅಣ್ಣಿಗದೇವನ ತಾಯಿಯಾಗಿದ್ದ ಅತ್ತಿಮಬ್ಬೆಯು ಉಳಿದು, ವ್ರತಗಳನ್ನು ಕೈಕೊಂಡು ಜಿನಧರ್ಮದ ಸೇವೆಯಲ್ಲಿ ಜೀವನವನ್ನು ಸವೆಸಿದಳು.

ಒಂದೇ ಮನೆಯಲ್ಲಿ, ಒಂದೇ ದಿನ, ಇಬ್ಬರು ಸಹೋದರಿಯರ ಮುಂದೆ ಎರಡು ದಾರಿಗಳಿದ್ದವು. ಆತ್ಮಘಾತವನ್ನು ಜೈನಶಾಸ್ತ್ರವು ಪುಣ್ಯವೆಂದು ಬಗೆಯುವುದಿಲ್ಲ. ವಿಧಿಪೂರ್ವಕವಾದ ಸಲ್ಲೇಖನಕ್ಕೂ ಚಿತೆಯೇರುವುದಕ್ಕೂ ಇರುವ ಭೇದವನ್ನು ನಮ್ಮ ಆಚಾರ್ಯರು ಸ್ಪಷ್ಟವಾಗಿಯೇ ತಿಳಿದಿದ್ದರು. ಆದರೂ ಒಂದು ಜೈನ ಮನೆತನದಲ್ಲಿ ಈ ಸಹಗಮನ ನಡೆಯಿತು. ಲೋಕರೂಢಿಯು ಶಾಸ್ತ್ರಕ್ಕಿಂತ ಎಷ್ಟು ಬಲವತ್ತರವಾಗಿತ್ತೆಂಬುದಕ್ಕೆ ಬೇರೆ ಪ್ರಮಾಣ ಬೇಡ. ಅತ್ತಿಮಬ್ಬೆಯ ಕಾರ್ಯಗಳನ್ನು ಕೊಂಡಾಡುವಾಗ ಗುಂಡಮಬ್ಬೆಯನ್ನು ಮರೆಯುವುದು ಚರಿತ್ರಕಾರನಿಗೆ ತರವಲ್ಲ.

ಬದುಕಿ ಉಳಿದ ಅತ್ತಿಮಬ್ಬೆಯಿಂದ ಕನ್ನಡಕ್ಕಾದ ಉಪಕಾರವನ್ನು ಎಲ್ಲರೂ ಬಲ್ಲರು. ಪೊನ್ನನ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದೂ, ಒಂದೂವರೆ ಸಾವಿರ ಜಿನಬಿಂಬಗಳನ್ನು ಮಾಡಿಸಿ ಕೊಟ್ಟಳೆಂದೂ ಪ್ರಸಿದ್ಧಿ. ಆ ಪುರಾಣವನ್ನು ಪೊನ್ನನಿಂದ ರಚಿಸಿಸಿದವರು ಆಕೆಯ ತಂದೆ ಮಲ್ಲಪನೂ ಚಿಕ್ಕಪ್ಪ ಪುನ್ನಮಯ್ಯನೂ. ಹೀಗಾಗಿ ತೌರುಮನೆಯ ಕಾವ್ಯವು ಅಳಿಯದಂತೆ ಮಗಳು ನೋಡಿಕೊಂಡಳೆಂದು ಹೇಳಬೇಕು. ಸಾವಿರ ಪ್ರತಿಗಳೆಂದರೇನೆಂಬುದನ್ನು ಓಲೆಗರಿಯ ಕೆಲಸವನ್ನು ಬಲ್ಲವರೇ ಊಹಿಸಬಲ್ಲರು. ಗರಿಗಳನ್ನು ಕೊಯ್ದು, ಬೇಯಿಸಿ, ಒಣಗಿಸಿ, ನಯಗೊಳಿಸಿ, ಅಳತೆಗೆ ಕತ್ತರಿಸಿ, ದಾರಕ್ಕೆ ರಂಧ್ರ ಮಾಡಿ, ಕಂಠದಿಂದ ಒಂದೊಂದೇ ಅಕ್ಷರವನ್ನು ಕೊರೆದು, ಮಸಿ ತೊಡೆದು, ಮೂಲದೊಡನೆ ಒಪ್ಪನೋಡಿ ತಿದ್ದುವಷ್ಟರಲ್ಲಿ ಒಂದು ಚಂಪೂಕಾವ್ಯದ ಒಂದೇ ಪ್ರತಿಗೆ ಲಿಪಿಕಾರನ ವಾರಗಟ್ಟಲೆ ಪರಿಶ್ರಮ ಸಲ್ಲುತ್ತದೆ. ಇಷ್ಟು ಮಂದಿ ಲಿಪಿಕಾರರನ್ನು ಕೂಡಿಸಿ, ಅವರಿಗೆ ಜೀವನವನ್ನೊದಗಿಸಿ, ಕಾರ್ಯವನ್ನು ಮೇಲ್ವಿಚಾರಣೆ ಮಾಡಿದ ಸ್ತ್ರೀಯು ಅನಕ್ಷರಸ್ಥೆಯಾಗಿದ್ದಳೆಂದು ಭಾವಿಸುವುದು ಕಷ್ಟ. ಆದರೂ ನಮ್ಮ ಆಧಾರಗಳು ಆಕೆಯನ್ನು ಸ್ತುತಿಸುವುದು ದಾನಿಯೆಂದೇ.

3

ಇಲ್ಲಿ ಹಸ್ತಪ್ರತಿಶಾಸ್ತ್ರದ ಒಂದು ಸೂಕ್ಷ್ಮವಿದೆ. ನಮ್ಮ ಪ್ರತಿಗಳ ಕೊನೆಯಲ್ಲಿ ಬರುವ ಪ್ರಶಸ್ತಿಗಳಲ್ಲಿ ‘ಬರೆದ’ ಎಂಬ ಕ್ರಿಯೆ ಬೇರೆ, ‘ಬರೆಯಿಸಿದ’ ಎಂಬ ಕ್ರಿಯೆ ಬೇರೆ. ಮೊದಲನೆಯದು ಲಿಪಿಕಾರನದು, ಎರಡನೆಯದು ದಾನಿಯದು. ಸ್ತ್ರೀಯರ ಹೆಸರುಗಳು ಬರುವೆಡೆಗಳಲ್ಲಿ ಸಾಮಾನ್ಯವಾಗಿ ಎರಡನೆಯ ಕ್ರಿಯೆಯೇ ಕಾಣುತ್ತದೆ. ಇವೆರಡನ್ನೂ ಗೊಂದಲಪಡಿಸಿಕೊಂಡಲ್ಲಿ, ಗ್ರಂಥ ಬರೆಯಿಸಿದವಳನ್ನು ಗ್ರಂಥ ಬರೆದವಳೆಂದು ಹೊಗಳುವ ಅಥವಾ ಹಣ ಕೊಟ್ಟವಳಷ್ಟೇ ಎಂದು ಹಗುರಗೊಳಿಸುವ ಪ್ರಮಾದಕ್ಕೆ ಎಡೆಯಾಗುತ್ತದೆ.

ಇದಕ್ಕೆ ಮೂಡಬಿದಿರೆಯ ಸಿದ್ಧಾಂತ ಗ್ರಂಥಗಳೇ ಉತ್ತಮ ನಿದರ್ಶನ. ಷಟ್ಖಂಡಾಗಮದ ವ್ಯಾಖ್ಯಾನವಾದ ಧವಳದ ಓಲೆಪ್ರತಿಯನ್ನು ಶ್ರುತಪಂಚಮಿ ವ್ರತದ ಉದ್ಯಾಪನೆಯ ಸಂದರ್ಭದಲ್ಲಿ ಶುಭಚಂದ್ರ ಸಿದ್ಧಾಂತದೇವರಿಗೆ ಸಮರ್ಪಿಸಿದವಳು ದೇಮಿಯಕ್ಕನೆಂಬ ಶ್ರಾವಕಿ. ಮಹಾಬಂಧವನ್ನು ಅದೇ ವ್ರತದ ಉದ್ಯಾಪನೆಗಾಗಿ ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದವಳು ಶಾಂತಿಸೇನನ ಪತ್ನಿ ಮಲ್ಲಿಕಾದೇವಿ. ದಿಗಂಬರ ಪರಂಪರೆಯ ಆದ್ಯಾಗಮವು ಇಂದು ಉಳಿದಿರುವುದು ಈ ಓಲೆಗರಿಗಳಿಂದ. ಧವಳದ ಮುದ್ರಣ 1939ರಲ್ಲಿ ಅಮರಾವತಿಯಿಂದ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಆರಂಭವಾಯಿತು; ಅದಕ್ಕೂ ಮುಂಚೆ ಬಹುಕಾಲ ಅವು ದರ್ಶನಕ್ಕೆ ಮಾತ್ರ ಸಲ್ಲುತ್ತಿದ್ದವು. ಸಿದ್ಧಾಂತದ ಅಧ್ಯಯನಕ್ಕೆ ಗೃಹಸ್ಥರು ಅಧಿಕಾರಿಗಳಲ್ಲವೆಂಬ ವಿಧಿಯು ಪರಂಪರೆಯಲ್ಲಿ ಪ್ರಚಲಿತವಾಗಿದ್ದುದನ್ನು ಇಲ್ಲಿ ನೆನೆಯಬೇಕು. ಈ ವಿಧಿಯು ಗೃಹಸ್ಥರಾದ ಪುರುಷರಿಗೂ ಅನ್ವಯಿಸುತ್ತಿದ್ದಿತು, ದಿಟ. ಆದರೆ ಪುರುಷನು ದೀಕ್ಷೆವಹಿಸಿ ಮುನಿಯಾಗಿ ಅದನ್ನು ದಾಟಬಹುದಾಗಿತ್ತು. ದಿಗಂಬರಾಮ್ನಾಯದಲ್ಲಿ ಸ್ತ್ರೀಯು ಆರ್ಯಿಕೆಯಾದರೂ ಪೂರ್ಣ ಮುನಿಪದವಿ ಆಕೆಗೆ ಸಲ್ಲದು. ಎಂದರೆ, ತಾವು ಬರೆಯಿಸಿದ ಗ್ರಂಥವನ್ನು ತಾವು ಓದುವ ಅಧಿಕಾರವಿಲ್ಲದೆಯೇ ಈ ಸ್ತ್ರೀಯರು ಅದನ್ನು ಮುಂದಿನ ಪೀಳಿಗೆಗೆ ಉಳಿಸಿಕೊಟ್ಟರು.

ಸ್ತ್ರೀಯ ಅರ್ಹತೆಯ ಪ್ರಶ್ನೆಯು ನಮ್ಮ ಪೂರ್ವಿಕರಿಗೆ ಹೊಳೆಯದೆ ಇರಲಿಲ್ಲ. ಜಿನಸೇನರ ಆದಿಪುರಾಣವು ವೃಷಭನಾಥರು ಪುತ್ರಿಯರಾದ ಬ್ರಾಹ್ಮೀಸುಂದರಿಯರಿಗೆ ಅಕ್ಷರವಿದ್ಯೆಯನ್ನೂ ಅಂಕವಿದ್ಯೆಯನ್ನೂ ಬೋಧಿಸಿದುದನ್ನು ವರ್ಣಿಸುತ್ತದೆ. ಲಿಪಿಯೇ ಮಗಳ ಹೆಸರಿನಿಂದ ಬ್ರಾಹ್ಮಿಯಾಯಿತೆಂದು ಪರಂಪರೆ ನಂಬುತ್ತದೆ. ಅಮೋಘವರ್ಷನ ಕಾಲದ ವೈಯಾಕರಣನೂ ಯಾಪನೀಯ ಸಂಘದವನೂ ಆದ ಶಾಕಟಾಯನ ಪಾಲ್ಯಕೀರ್ತಿಯು ಸ್ತ್ರೀಗೆ ಅದೇ ಜನ್ಮದಲ್ಲಿ ಮುಕ್ತಿಯುಂಟೆಂದು ಸ್ತ್ರೀಮುಕ್ತಿ ಪ್ರಕರಣವನ್ನೇ ರಚಿಸಿದನು. ದಿಗಂಬರ ಪಕ್ಷದಿಂದ ಪ್ರಭಾಚಂದ್ರಾದಿಗಳು ಅದನ್ನು ಖಂಡಿಸಿದರು. ಸಿದ್ಧಾಂತದ ಆ ಚರ್ಚೆಗೆ ಇಲ್ಲಿ ಕೈಹಾಕುವುದಿಲ್ಲ. ಯಾಪನೀಯರು ಪ್ರಬಲರಾಗಿದ್ದ ಕನ್ನಡನಾಡಿನಲ್ಲಿ ಸ್ತ್ರೀಯ ಯೋಗ್ಯತೆಯು ತರ್ಕದಿಂದ ವಾದಿಸಬೇಕಾದ ವಿಷಯವಾಗಿತ್ತು, ಮೌನದಿಂದ ಮುಚ್ಚಿಡುವ ವಿಷಯವಾಗಿರಲಿಲ್ಲವೆಂಬುದಷ್ಟೇ ನಮಗೆ ಪ್ರಕೃತ.

4

ಇನ್ನು ರಾಜ್ಯಾಧಿಕಾರ. ಮತ್ತೆ ಸೂಡಿಗೆ ಮರಳೋಣ. ಐದನೆಯ ವಿಕ್ರಮಾದಿತ್ಯ ಹಾಗೂ ಇಮ್ಮಡಿ ಜಯಸಿಂಹರ ಸಹೋದರಿಯೂ, ಒಂದನೆಯ ಸೋಮೇಶ್ವರನಿಗೆ ಸೋದರತ್ತೆಯೂ ಆದ ಅಕ್ಕಾದೇವಿಯು ಕ್ರಿ.ಶ. 1010ರ ಸೂಡಿ ಶಾಸನದಿಂದ ಮೊದಲ್ಗೊಂಡು ಸುಮಾರು ನಾಲ್ಕು ದಶಕಗಳ ಕಾಲ ದಾಖಲೆಗಳಲ್ಲಿ ಕಾಣಿಸಿಕೊಳ್ಳುತ್ತಾಳೆ. ಕಿಸುಕಾಡು ಎಪ್ಪತ್ತು ಆಕೆಯ ಆಳಿಕೆಯ ಮುಖ್ಯ ನೆಲೆ. ‘ಗುಣದ ಬೆಡಂಗಿ’ ಎಂಬುದು ಆಕೆಯ ಬಿರುದು. ರಣದಲ್ಲಿ ಭೈರವಿಯೆಂದೂ ಶಾಸನಗಳು ಆಕೆಯನ್ನು ಹೊಗಳುತ್ತವೆ. ಇದು ಕವಿಸಮಯವಲ್ಲವೆಂಬುದಕ್ಕೆ ಕ್ರಿ.ಶ. 1047ರ ದಾಖಲೆ ಸಾಕ್ಷಿ. ಇಂದಿನ ಬಾಗಲಕೋಟೆ ಜಿಲ್ಲೆಯ ಅರಸಿಬೀದಿ, ಎಂದರೆ ಅಂದಿನ ವಿಕ್ರಮಪುರದಲ್ಲಿ, ಆಕೆಯ ಬಿರುದಿನಿಂದಲೇ ಹೆಸರಾದ ಒಂದು ಜಿನಾಲಯವಿದ್ದಿತು. ಆಕೆ ಗೋಕಾಗೆ ಎಂದರೆ ಗೋಕಾಕದ ಕೋಟೆಯನ್ನು ಮುತ್ತಿ ಬೀಡುಬಿಟ್ಟಿದ್ದ ಕಾಲದಲ್ಲಿ ಆ ಜಿನಾಲಯಕ್ಕೆ ದತ್ತಿಯನ್ನಿತ್ತಳು. ಶೈವ, ಜೈನ, ವೈದಿಕ ಸಂಸ್ಥೆಗಳಿಗೆಲ್ಲ ಆಕೆಯ ಆಶ್ರಯವಿದ್ದಿತು. ಸೂಡಿಯ ಅಕ್ಕೇಶ್ವರವು ಆಕೆಯ ಹೆಸರನ್ನೇ ಹೊತ್ತಿದ್ದ ದೇಗುಲ.

ಯುದ್ಧಕ್ಕಿಂತಲೂ ಮಿಗಿಲಾಗಿ ಗಮನಿಸಬೇಕಾದುದು ಸೂಡಿಯ ಊರಾಡಳಿತದ ಶಾಸನ. ಚೋಳರೊಡನೆ ನಡೆದ ಯುದ್ಧದಿಂದ ಊರಿನ ಕಟ್ಟಳೆಗಳು ಶಿಥಿಲವಾಗಿದ್ದವು. ಕ್ರಿ.ಶ. 1050ರ ಸುಮಾರಿನಲ್ಲಿ ಅಕ್ಕಾದೇವಿಯ ಆಡಳಿತದಲ್ಲಿ ಏಳು ಮಂದಿ ಸಚಿವರು ಕೂಡಿ, ಸೂಡಿಯ ಎಂಟು ಮಂದಿ ಸೆಟ್ಟಿಗಳಿಗೂ ಎಂಬತ್ತು ಒಕ್ಕಲಿಗೂ ಆ ಕಟ್ಟಳೆಗಳನ್ನು ನವೀಕರಿಸಿಕೊಟ್ಟರು. ನಾಡಿನ ಒಡತಿ, ಆಕೆಯ ಮಂತ್ರಿವರ್ಗ, ಊರ ಪ್ರಮುಖರ ಸಮೂಹ ಎಂಬ ಮೂರು ಅಂಗಗಳು ಇಲ್ಲಿ ಸ್ಪಷ್ಟವಾಗಿವೆ. ಆಕೆಯ ಅಧಿಕಾರ ಹೆಸರಿಗೆ ಮಾತ್ರವಾಗಿತ್ತೆಂಬ ಮಾತನ್ನು ಈ ಒಂದು ಶಾಸನವೇ ಅಲ್ಲಗಳೆಯುತ್ತದೆ.

ಆಕೆ ಒಂಟಿ ನಿದರ್ಶನವೂ ಅಲ್ಲ. ಸೋಮೇಶ್ವರನ ರಾಣಿಯರಲ್ಲಿ ಮೈಲಲದೇವಿಯು ಬನವಾಸಿ ಪನ್ನಿರ್ಛಾಸಿರವನ್ನೂ, ಕೇತಲದೇವಿಯು ಪೊನ್ನವಾಡ ಅಗ್ರಹಾರವನ್ನೂ ಆಳುತ್ತಿದ್ದರು. ಅದಕ್ಕೂ ಮುಂಚೆ, ಹತ್ತನೆಯ ಶತಮಾನದ ಮೊದಲ ಪಾದದಲ್ಲಿ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡನು ಮಡಿದಾಗ ಆತನ ಪತ್ನಿ ಜಕ್ಕಿಯಬ್ಬೆಗೆ ಆ ಪದವಿಯನ್ನು ಕೊಟ್ಟುದನ್ನು ಬಂದಳಿಕೆಗೆ ಸಂಬಂಧಿಸಿದ ಶಾಸನ ತಿಳಿಸುತ್ತದೆ. ಜಿನಭಕ್ತೆಯಾದ ಆಕೆ ಚೆನ್ನಾಗಿ ನಾಡನ್ನಾಳಿ, ರೋಗಪೀಡಿತೆಯಾದಾಗ ಅಧಿಕಾರವನ್ನು ಮಗಳಿಗೆ ವಹಿಸಿ, ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನವನ್ನು ಕೈಕೊಂಡಳು. ತಾಯಿಯಿಂದ ಮಗಳಿಗೆ ಸಂದ ಈ ಅಧಿಕಾರ ಅರಮನೆಯದಲ್ಲ, ನಾಡ ಗಾವುಂಡಿಕೆಯದು. ಆದುದರಿಂದ ಇದರ ಬೆಲೆ ಹೆಚ್ಚು.

ಈಗ ಈ ಎರಡು ಎಳೆಗಳನ್ನು ಕೂಡಿಸಿ ನೋಡಬಹುದು. ಬಾದಾಮಿ ಸೀಮೆಯ ಬೇಲೂರಿನ ಕ್ರಿ.ಶ. 1022ರ ಶಾಸನದಲ್ಲಿ ಇದೇ ಅಕ್ಕಾದೇವಿಯು ಐನೂರು ವಿದ್ಯಾರ್ಥಿಗಳ ಅಶನವಸನಕ್ಕಾಗಿ ದತ್ತಿ ಬಿಟ್ಟ ಸಂಗತಿಯಿದೆ. ಅಗ್ರಹಾರದ ವೇದಶಾಸ್ತ್ರಗಳ ಪಾಠ ಗಂಡುಮಕ್ಕಳಿಗೆ ವಿಹಿತವಾಗಿದ್ದ ಕಾಲವದು. ವಿದ್ಯೆಗೆ ಆಧಾರವಾದವಳು ಸ್ತ್ರೀ. ಆ ವಿದ್ಯಾಶಾಲೆಯಲ್ಲಿ ಸ್ತ್ರೀಗೆ ಸ್ಥಾನವಿಲ್ಲ. ಮೂಡಬಿದಿರೆಯ ಓಲೆಗರಿಗಳಲ್ಲಿ ಕಂಡುದೇ ಇಲ್ಲಿಯೂ ಕಾಣುತ್ತದೆ. ಕೊಡುವ ಅಧಿಕಾರ ಸ್ತ್ರೀಗಿತ್ತು. ಪಡೆಯುವ ಅಧಿಕಾರ ಇರಲಿಲ್ಲ, ಅಥವಾ ಮನೆಯೊಳಗೆ ಮಾತ್ರ ಇತ್ತು.

5

ಶಾಸನಗಳ ಭಾಷೆಯೂ ಇದನ್ನೇ ಸೂಚಿಸುತ್ತದೆ. ‘ಅಧಿಕಾರ’ ಎಂಬ ಶಬ್ದಕ್ಕೆ ಶಾಸ್ತ್ರದಲ್ಲಿ ಅರ್ಹತೆಯೆಂಬ ಅರ್ಥವೂ, ಲೋಕದಲ್ಲಿ ಆಳಿಕೆಯೆಂಬ ಅರ್ಥವೂ ಉಂಟು. ನಾವಿಂದು ಬಳಸುವ ‘ಹಕ್ಕು’ ಎಂಬ ಶಬ್ದವಾದರೋ ಅರಬೀ ಮೂಲದ್ದು. ಅಕ್ಕಾದೇವಿಯ ಕಾಲದ ಕನ್ನಡದಲ್ಲಿ ಅದಿರಲಿಲ್ಲ. ಸ್ವಾಮ್ಯ, ವೃತ್ತಿ, ಉಂಬಳಿ ಮೊದಲಾದ ಶಬ್ದಗಳಿದ್ದವು. ಇವೆಲ್ಲ ಒಬ್ಬರು ಕೊಟ್ಟು ಇನ್ನೊಬ್ಬರು ಪಡೆಯುವಂಥವು, ಇಲ್ಲವೆ ಕುಲದಿಂದ ಬರುವಂಥವು. ಮನುಷ್ಯಳಾಗಿ ಹುಟ್ಟಿದುದರಿಂದಲೇ ಸಲ್ಲತಕ್ಕದ್ದೆಂಬ ಭಾವನೆಗೆ ರಾಜ್ಯವ್ಯವಹಾರದಲ್ಲಿ ಪದವಿರಲಿಲ್ಲ. ಅಕ್ಕಾದೇವಿ ಆಳಿದುದು ಚಾಲುಕ್ಯಕುಲದ ಮಗಳಾಗಿ. ಜಕ್ಕಿಯಬ್ಬೆ ಆಳಿದುದು ಸತ್ತ ಗಾವುಂಡನ ಪತ್ನಿಯಾಗಿ. ಅತ್ತಿಮಬ್ಬೆ ಸಾವಿರ ಪ್ರತಿ ಬರೆಯಿಸಿದುದು ದಂಡನಾಯಕರ ಮನೆಯ ಸಿರಿಯಿಂದ. ಸೂಡಿಯ ಎಂಬತ್ತು ಒಕ್ಕಲುಗಳಲ್ಲಿದ್ದ ಸ್ತ್ರೀಯರ ಒಂದು ಹೆಸರೂ ಈ ಕಟ್ಟಳೆಯ ಚರಿತ್ರೆಯಲ್ಲಿ ನಮಗೆ ಉಳಿದಿಲ್ಲ.

ಮನೆತನದಿಂದ ಬಂದುದು ಮನೆತನದೊಡನೆ ಹೋಗುತ್ತದೆ. ಎಂಟು ಶತಮಾನಗಳ ಅನಂತರ ಇದೇ ಸೀಮೆಯ ನರಗುಂದದಲ್ಲಿ ಇದು ದಾರುಣವಾಗಿ ಪ್ರತ್ಯಕ್ಷವಾಯಿತು. ದತ್ತಕಕ್ಕೆ ಆಂಗ್ಲ ಸರಕಾರದ ಅನುಮತಿ ದೊರೆಯದೆ ನೊಂದಿದ್ದ ಬಾಬಾಸಾಹೇಬ ಭಾಸ್ಕರರಾವ್ ಭಾವೆಯು 1858ರ ಮೇ ತಿಂಗಳಿನಲ್ಲಿ ಬಂಡೆದ್ದನು. ಜೂನ್ ತಿಂಗಳಿನಲ್ಲಿ ಬೆಳಗಾವಿಯಲ್ಲಿ ಆತನನ್ನು ಗಲ್ಲಿಗೇರಿಸಲಾಯಿತು. ಆತನ ತಾಯಿಯೂ ಪತ್ನಿಯೂ ಮಲಪ್ರಭೆಯಲ್ಲಿ ಮುಳುಗಿ ಪ್ರಾಣಬಿಟ್ಟರು. ರಾಜ್ಯವು ಮನೆಯ ಸ್ವತ್ತಾಗಿರುವಲ್ಲಿ ಮನೆ ಬಿದ್ದಾಗ ಅದರ ಸ್ತ್ರೀಯರಿಗೆ ನಿಲ್ಲಲು ನೆಲವಿರುವುದಿಲ್ಲ.

ಮನೆತನವನ್ನು ಅವಲಂಬಿಸದ ಅಧಿಕಾರವು ಈ ಸೀಮೆಗೆ ಬಂದುದು ಇಪ್ಪತ್ತನೆಯ ಶತಮಾನದಲ್ಲಿ, ಅದೂ ಹಂತಹಂತವಾಗಿ. ರೋಣ, ನರಗುಂದ, ಗಜೇಂದ್ರಗಡಗಳು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು; ಗದಗ ಜಿಲ್ಲೆ ಏರ್ಪಟ್ಟುದು 1997ರಲ್ಲಿ. ಮುಂಬಯಿ ಪ್ರಾಂತದಲ್ಲಿ 1921ರಲ್ಲಿ ಸ್ತ್ರೀಯರಿಗೆ ಮತದಾನದ ಅವಕಾಶ ದೊರೆಯಿತಾದರೂ ಆಸ್ತಿಯ ನಿಬಂಧನೆಯಿದ್ದುದರಿಂದ ಅದು ಕೆಲವರ ಪಾಲಿನದಷ್ಟೇ ಆಗಿತ್ತು. 1950ರ ಸಂವಿಧಾನವು ವಯಸ್ಕರೆಲ್ಲರಿಗೂ ಅದನ್ನು ಸಲ್ಲಿಸಿತು. ಕರ್ನಾಟಕದ 1983ರ ಪಂಚಾಯತ ಕಾಯದೆಯು ಸ್ತ್ರೀಯರಿಗೆ ಶೇಕಡಾ 25 ಸ್ಥಾನಗಳನ್ನು ಮೀಸಲಿಟ್ಟು, 1987ರ ಚುನಾವಣೆಯಲ್ಲಿ ಅದು ಆಚರಣೆಗೆ ಬಂದಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ಮೂರನೆಯ ಒಂದು ಪಾಲನ್ನು ದೇಶಕ್ಕೆಲ್ಲ ವಿಧಿಸಿತು. 2010ರಲ್ಲಿ ಕರ್ನಾಟಕವು ಪಂಚಾಯತಗಳಲ್ಲಿ ಅದನ್ನು ಅರ್ಧಕ್ಕೆ ಏರಿಸಿತು. ವಿದ್ಯೆಯ ವಿಷಯದಲ್ಲಿ 2002ರ 86ನೆಯ ತಿದ್ದುಪಡಿಯೂ 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಕಾಯದೆಯೂ 6ರಿಂದ 14 ವರ್ಷದ ಎಲ್ಲ ಮಕ್ಕಳಿಗೆ ಅದನ್ನು ಮೂಲಭೂತ ಹಕ್ಕಾಗಿಸಿದವು. ಸೂಡಿಯ ಒಕ್ಕಲುಮನೆಯ ಮಗಳು ಇಂದು ಊರಿನ ಪಂಚಾಯತದಲ್ಲಿ ಕುಳಿತುಕೊಳ್ಳಬಲ್ಲಳಾದರೆ, ಅದು ಅಕ್ಕಾದೇವಿಯಂತೆ ಅರಸುಮಗಳಾದುದರಿಂದಲ್ಲ.

ಹಾಗೆಂದು ಅಕ್ಕಾದೇವಿ ಅತ್ತಿಮಬ್ಬೆಯರ ಸ್ಮರಣೆ ವ್ಯರ್ಥವಲ್ಲ. ಸ್ತ್ರೀಯು ಆಳಲಾರಳು, ಗ್ರಂಥದ ಬೆಲೆಯನ್ನು ಅರಿಯಲಾರಳು ಎಂಬ ವಾದಕ್ಕೆ ಅವರ ಜೀವನವೇ ಪ್ರತ್ಯುತ್ತರ. ಅವರು ಸಾಮರ್ಥ್ಯಕ್ಕೆ ಪ್ರಮಾಣ, ಸಮಾನತೆಗೆ ಪ್ರಮಾಣವಲ್ಲ. ಈ ಭೇದವನ್ನು ಉಳಿಸಿಕೊಂಡು ಓದಿದಲ್ಲಿ ಶಾಸನಗಳು ನಮಗೆ ಸುಳ್ಳು ಹೇಳುವುದಿಲ್ಲ.

ಕೊನೆಯಲ್ಲಿ, ಹಸ್ತಪ್ರತಿಗಳ ಕೆಲಸದಲ್ಲಿ ತೊಡಗಿರುವವರಿಗೆ ಒಂದು ವಿನಂತಿ. ನಮ್ಮ ವರ್ಣನಾತ್ಮಕ ಸೂಚಿಗಳಲ್ಲಿ ಕರ್ತೃ, ಕೃತಿ, ಲಿಪಿಕಾರ, ಕಾಲ, ಗರಿಗಳ ಸಂಖ್ಯೆ ಮೊದಲಾದವುಗಳಿಗೆ ಸ್ಥಾನ ಕಲ್ಪಿಸುತ್ತೇವೆ. ಬರೆಯಿಸಿದವರ ಹೆಸರು ಎಷ್ಟೋ ವೇಳೆ ಷರಾದಲ್ಲಿ ಅಡಗಿಹೋಗುತ್ತದೆ, ಇಲ್ಲವೆ ಬಿಟ್ಟೇಹೋಗುತ್ತದೆ. ಸ್ತ್ರೀಯರ ಹೆಸರುಗಳು ಹೆಚ್ಚಾಗಿ ಇರುವುದು ಅಲ್ಲಿಯೇ. ಮುಂದಿನ ಸೂಚಿಗಳಲ್ಲಿ ‘ಬರೆಯಿಸಿದವರು’ ಎಂಬ ಪ್ರತ್ಯೇಕ ಅಂಕಣವನ್ನೂ, ಕೊನೆಯಲ್ಲಿ ಅವರ ಅಕಾರಾದಿಯನ್ನೂ ಕೊಡುವ ಪದ್ಧತಿಯನ್ನು ರೂಢಿಸಿಕೊಂಡಲ್ಲಿ, ವ್ರತದ ಉದ್ಯಾಪನೆಗೆಂದು ಒಂದೊಂದೇ ಗ್ರಂಥವನ್ನು ಬರೆಯಿಸಿ ಕೊಟ್ಟ ಸಾಮಾನ್ಯ ಶ್ರಾವಕಿಯರ ಹೆಸರುಗಳು ಊರು ಊರಿನಿಂದಲೂ ಬೆಳಕಿಗೆ ಬರುವುವು. ಅರಸಿಯರ ಚರಿತ್ರೆಯನ್ನು ಶಿಲೆಗಳು ಉಳಿಸಿವೆ. ಉಳಿದವರದನ್ನು ಓಲೆಗರಿಗಳಲ್ಲಿ ಹುಡುಕಬೇಕಾದುದು ನಮ್ಮ ಕರ್ತವ್ಯ.